ಹನಿ ತಪ್ಪಿದರೆ ಬೈಯುವ ಮೊದಲು ಕಾರಣ ಕೇಳಿ

ನಮ್ಮ ಅತ್ತೆಯವರಿಗೆ ಗ್ಲಾಕೋಮಾ. ದಿನಾ ಎರಡು ಹೊತ್ತು ಕಣ್ಣಿಗೆ ಹನಿ ಹಾಕಬೇಕು. ಕಳೆದ ಸಲ ತಪಾಸಣೆಗೆ ಹೋದಾಗ ಕಣ್ಣಿನ ಒತ್ತಡ ಮತ್ತೆ ಏರಿತ್ತು. ಮನೆಗೆ ಬಂದು ನೋಡಿದರೆ ಬಾಟಲಿ ಖಾಲಿಯಾಗಿ ಹದಿನೈದು ದಿನವಾಗಿತ್ತು. "ಬಟವಾಡೆ ಆದಮೇಲೆ ತರೋಣ ಅಂದ್ಕೊಂಡೆ ಕಣಮ್ಮಾ" ಎಂದರು. ಅದೇ ಹದಿನೈದು ದಿನದಲ್ಲಿ ಹಸುವಿಗೆ ಕೆಚ್ಚಲು ಬಾವು ಬಂದಾಗ, ಕೈಸಾಲ ಮಾಡಿ ಅಂದೇ ಔಷಧಿ ತರಿಸಿದವರು ಅವರೇ.

ಇದನ್ನು ಬೇಜವಾಬ್ದಾರಿ ಎನ್ನಲು ನಾನು ಒಪ್ಪುವುದಿಲ್ಲ. ಮನೆಯ ಖರ್ಚಿನ ಪಟ್ಟಿಯಲ್ಲಿ ನಮ್ಮ ಔಷಧಿಯನ್ನು ನಾವೇ ಕೊನೆಗೆ ಬರೆಯುತ್ತೇವೆ.

ಈ ಕಾಯಿಲೆಯೂ ಮೋಸದ್ದು. ಹೆಚ್ಚಿನವರಿಗೆ ನೋವಿರುವುದಿಲ್ಲ. ಕಣ್ಣಿನ ನರ ನಿಧಾನವಾಗಿ ಹಾಳಾಗುತ್ತದೆ, ಮೊದಲು ಪಕ್ಕದ ನೋಟ ಹೋಗುತ್ತದೆ. ಹನಿ ಹಾಕಿದರೆ ನೋಟ ಹೆಚ್ಚುವುದಿಲ್ಲ, ಬಿಟ್ಟರೆ ಮರುದಿನವೇ ಮಸುಕಾಗುವುದೂ ಇಲ್ಲ. ಹಾಗಾಗಿ "ಇದರಿಂದೇನು ಉಪಯೋಗ?" ಎನಿಸುತ್ತದೆ. ಹೊರಗೆ ಕಾಣದ ಕೆಚ್ಚಲು ಬಾವು ನಮಗೆ ಗೊತ್ತಲ್ಲ? ಕೆಚ್ಚಲು ಊದಿರುವುದಿಲ್ಲ, ಹಾಲೂ ಚೆನ್ನಾಗಿಯೇ ಕಾಣುತ್ತದೆ, ಇಳುವರಿ ಮಾತ್ರ ಕುಸಿಯುತ್ತದೆ. ಗ್ಲಾಕೋಮಾ ಹಾಗೆಯೇ. ಆದರೆ ಹಾಲು ಮತ್ತೆ ಏರೀತು, ಹೋದ ದೃಷ್ಟಿ ಹನಿಯಿಂದಲೂ ಆಪರೇಷನ್‌ನಿಂದಲೂ ಬರುವುದಿಲ್ಲ. ಉಳಿದದ್ದನ್ನು ಕಾಯುವುದಷ್ಟೇ ಹನಿಯ ಕೆಲಸ.

ಬೇರೆ ಕಾರಣಗಳೂ ಇವೆ. ಕಣ್ಣು ಉರಿಯುತ್ತದೆ, ಕೆಂಪಾಗುತ್ತದೆ. ಹಾಲು ಕರೆದು ನೋಯುವ ಬೆರಳಿಗೆ ಬಾಟಲಿ ಒತ್ತಲಾಗದು, ಹನಿ ಕೆನ್ನೆಗೆ ಬೀಳುತ್ತದೆ, ತಿಂಗಳ ಬಾಟಲಿ ಬೇಗ ಮುಗಿಯುತ್ತದೆ. ಪೇಟೆಗೆ ಹೋದರೆ ಒಂದು ದಿನವೇ ಹೋಗುತ್ತದೆ.

ಇದಕ್ಕೆ ಮನೆಯವರ ಕೈ ಬೇಕು. ನಮ್ಮ ಮನೆಯಲ್ಲಿ ಈಗ ಹನಿಯನ್ನು ಕರಾವಿಗೆ ಜೋಡಿಸಿದ್ದೇವೆ. ಡೇರಿಗೆ ಹಾಲು ಹಾಕಿ ಬಂದು, ಸೋಪಿನಿಂದ ಕೈ ತೊಳೆದು, ಅತ್ತೆಯವರನ್ನು ಮಲಗಿಸಿ, ಕೆಳರೆಪ್ಪೆ ಎಳೆದು ಒಂದೇ ಹನಿ ಹಾಕುತ್ತೇನೆ. ಅವರು ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಎರಡು ನಿಮಿಷ ಮೆಲ್ಲಗೆ ಒತ್ತಿಕೊಳ್ಳುತ್ತಾರೆ. ಎರಡು ಬಗೆಯ ಹನಿ ಇದ್ದರೆ ನಡುವೆ ಐದು ನಿಮಿಷ ಬಿಡಬೇಕು. ರಾತ್ರಿ ಮಾತ್ರ ಹಾಕುವ ಹನಿಯಾದರೆ ಬಾಟಲಿ ಹಾಸಿಗೆಯ ಬಳಿ ಇರಲಿ. ಬಾಟಲಿ ತೆರೆದ ತಾರೀಕನ್ನು ಅದರ ಮೇಲೆಯೇ ಬರೆಯಿರಿ. ಹೆಚ್ಚಿನವನ್ನು ತೆರೆದು ಒಂದು ತಿಂಗಳಾದ ಮೇಲೆ ಬಳಸಬಾರದು.

ಉರಿಯೆಂದು ನೀವೇ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ. ಬೇರೆ ಹನಿಗಳಿವೆ, ಕೆಲವರಿಗೆ ಲೇಸರ್ ಚಿಕಿತ್ಸೆಯೂ ಆಗುತ್ತದೆ. ಉಬ್ಬಸವಿದ್ದರೆ ಮೊದಲೇ ತಿಳಿಸಿ, ಕೆಲವು ಹನಿಗಳು ಉಸಿರಾಟಕ್ಕೆ ತೊಂದರೆ ಕೊಡುತ್ತವೆ. ದುಡ್ಡಿನ ಕಷ್ಟವನ್ನೂ ಸಂಕೋಚವಿಲ್ಲದೆ ಹೇಳಿ, ಕಡಿಮೆ ಬೆಲೆಯದು ಜನೌಷಧಿ ಕೇಂದ್ರದಲ್ಲಿ ಸಿಗುತ್ತದೆಯೇ ಎಂದು ಕೇಳಿ. ಹೆತ್ತವರಿಗೋ ಒಡಹುಟ್ಟಿದವರಿಗೋ ಈ ಕಾಯಿಲೆ ಇದ್ದರೆ ನಿಮ್ಮ ಕಣ್ಣನ್ನೂ ಪರೀಕ್ಷಿಸಿಕೊಳ್ಳಿ.

ಬಟವಾಡೆಯ ದಿನ ಹಿಂಡಿ ಚೀಲದ ಲೆಕ್ಕ ಹಾಕುವಾಗ ಹನಿ ಬಾಟಲಿಯ ದುಡ್ಡನ್ನೂ ತೆಗೆದಿಡಿ. ಹಸುವಿನ ಔಷಧಿಗೆ ಕಾಯದವರು ನಮ್ಮ ಕಣ್ಣಿಗೆ ಯಾಕೆ ಕಾಯಬೇಕು?