ಸ್ಕ್ಯಾನ್‌ನಲ್ಲಿ ಗಡ್ಡೆ ಕರಗಿದರೆ ಆಯಸ್ಸು ಹೆಚ್ಚಿತೇ?

ಶ್ವಾಸಕೋಶದ ಕ್ಯಾನ್ಸರ್ ಹರಡಿದೆ ಅಂದ ಕೂಡಲೇ ಎಷ್ಟೋ ಮನೆಯವರು ಕೈಚೆಲ್ಲುತ್ತಾರೆ. ಆದರೆ ಮೈತುಂಬಾ ಹರಡಿರುವುದು ಬೇರೆ, ಒಂದೆರಡು ಕಡೆ ಮಾತ್ರ ಹರಡಿರುವುದು ಬೇರೆ. ಎರಡನೆಯದರಲ್ಲಿ ಔಷಧಿಯ ಜೊತೆಗೆ ಒಂದೊಂದು ಗಡ್ಡೆಗೂ ಗುರಿಯಿಟ್ಟು ರೇಡಿಯೇಷನ್ ಕೊಡುತ್ತಾರೆ, ಇಲ್ಲವೇ ಆಪರೇಷನ್ ಮಾಡುತ್ತಾರೆ.

ಇದರಿಂದ ಆಯಸ್ಸು ಹೆಚ್ಚುತ್ತದೆಯೇ? ಅಮೆರಿಕ, ಕೆನಡಾದಲ್ಲಿ 49 ರೋಗಿಗಳ ಮೇಲೆ ಪರೀಕ್ಷೆ ನಡೆಯಿತು. ಎಲ್ಲರಿಗೂ ಮೂರು ಅಥವಾ ಅದಕ್ಕಿಂತ ಕಡಿಮೆ ಕಡೆ ಹರಡಿತ್ತು, ಮೊದಲ ಸುತ್ತಿನ ಔಷಧಿಯಲ್ಲಿ ರೋಗ ಹೆಚ್ಚಿರಲಿಲ್ಲ. 2019ರ ವರದಿಯಂತೆ, ಈ ಚಿಕಿತ್ಸೆ ಪಡೆದವರಲ್ಲಿ ಅರ್ಧದಷ್ಟು ಜನ 41 ತಿಂಗಳು ದಾಟಿ ಬದುಕಿದರು. ಪಡೆಯದವರಲ್ಲಿ ಅರ್ಧದಷ್ಟು ಜನ ದಾಟಿದ್ದು 17 ತಿಂಗಳು ಮಾತ್ರ. ಆದರೆ 200ಕ್ಕೂ ಹೆಚ್ಚು ರೋಗಿಗಳಿದ್ದ, 2024ರಲ್ಲಿ ಫಲಿತಾಂಶ ಬಂದ ಇನ್ನೊಂದು ಪರೀಕ್ಷೆಯಲ್ಲಿ ಆಯಸ್ಸು ಹೆಚ್ಚಲಿಲ್ಲ, ಅಡ್ಡಪರಿಣಾಮ ಹೆಚ್ಚಿತು. ಅವರಲ್ಲಿ ಹೆಚ್ಚಿನವರು ಆಗಲೇ ಇಮ್ಯುನೋಥೆರಪಿ ಪಡೆಯುತ್ತಿದ್ದರು.

ಹಾಗಾಗಿ ಕೈಚೆಲ್ಲುವುದೂ ತಪ್ಪು, ಸ್ಕ್ಯಾನ್ ಒಂದನ್ನೇ ನಂಬಿ ಜಮೀನು ಅಡವಿಡುವುದೂ ತಪ್ಪು. ಸ್ಕ್ಯಾನ್ ತೋರಿಸುವುದು ಗಡ್ಡೆಯ ಗಾತ್ರವನ್ನು. ಕಣ್ಣಿಗೆ ಬೀಳದಷ್ಟು ಸಣ್ಣ ಕ್ಯಾನ್ಸರ್ ಕಣಗಳು ಅದಕ್ಕೆ ಸಿಗುವುದಿಲ್ಲ. ರೇಡಿಯೇಷನ್‌ನಿಂದಾದ ಗಾಯದ ಕಲೆ ಕೆಲವೊಮ್ಮೆ ಗಡ್ಡೆಯಂತೆಯೇ ಕಾಣುತ್ತದೆ.

ಡಾಕ್ಟರನ್ನು ಮೂರು ಪ್ರಶ್ನೆ ಕೇಳಿ: ಎಷ್ಟು ಕಡೆ ಹರಡಿದೆ? ಈ ಚಿಕಿತ್ಸೆಯಿಂದ ಗಡ್ಡೆ ಮಾತ್ರ ಕರಗುತ್ತದೆಯೋ, ಆಯಸ್ಸೂ ಹೆಚ್ಚಬಹುದೋ? ರೋಗಿ ಏನೇನು ತೊಂದರೆ ಅನುಭವಿಸಬೇಕು? ಕೇಳಲು ಹಿಂಜರಿಯಬೇಡಿ. ದುಡ್ಡು ನಿಮ್ಮದು, ಜೀವ ನಿಮ್ಮವರದು.