ಹಲಗೆಯಾದರೆ ಸಂಸ್ಕೃತಿ, ಗಿಟಾರಾದರೆ ವಿಕೃತಿಯೇ?



ರಾಕ್ ಅಂಡ್ ರೋಲ್ ಕಾಲದ ಬೆಳಗಾವಿ ಕ್ಯಾಂಪಿನ (ದಂಡು ಪ್ರದೇಶದ) ಡಾನ್ಸ್ ರಾತ್ರಿಗಳು ಬಿಳಿಯರು ಬಿಟ್ಟುಹೋದ ಚಟ, ಅವು ಹುಡುಗರನ್ನು ಕೆಡಿಸಿದವು ಎಂದು ಕಳೆದ ಸಂಚಿಕೆಯ ಲೇಖಕರು ತೀರ್ಪು ಕೊಟ್ಟಿದ್ದಾರೆ. ಅಲ್ಲಿ ಕುಣಿದವನಾಗಿ ನನ್ನದೂ ಎರಡು ಮಾತು.

ಮೊದಲು ಚಟದ ವಿಚಾರ. ಮುಂಬಯಿ ರಾಜ್ಯದ 1949ರ ಪಾನನಿಷೇಧ ಕಾಯ್ದೆ, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದರೂ ಬೆಂಬಿಡಲಿಲ್ಲ. ಹೀಗಾಗಿ ನಮ್ಮ ಕೈಯಲ್ಲಿದ್ದದ್ದು ನಿಂಬೆ ಶರಬತ್ತು. ಗೋಡೆಗುಂಟ ಕುರ್ಚಿ ಹಾಕಿ ಕೂತ ತಾಯಂದಿರ ಕಣ್ಣು ತಪ್ಪಿಸಿ ಕೆಡುವುದು ಅಷ್ಟು ಸುಲಭವೇ?

ಇನ್ನು ಬಿಳಿಯರ ವಿಚಾರ. ಗೋವೆಯ ರೈಲು ಕವಲೊಡೆಯುವುದು ಖಾನಾಪುರ ತಾಲೂಕಿನ ಲೋಂಡಾದಲ್ಲಿ. ಗೋವೆಯ ಕಡೆಯಿಂದ ಬಂದು ನೆಲೆಸಿದ ಕೊಂಕಣಿ ಕ್ರೈಸ್ತರ ಮದುವೆ ಚಪ್ಪರಗಳಲ್ಲಿ ಪಿಟೀಲು, ತುತ್ತೂರಿಗೆ ಅಜ್ಜ-ಅಜ್ಜಿಯರೂ ಹೆಜ್ಜೆ ಹಾಕುತ್ತಿದ್ದರು. ನಾವು ಲಯವನ್ನು ತುಸು ಜೋರು ಮಾಡಿದೆವು, ಅಷ್ಟೇ.

ಆ ಜೋರು ಲಯ ಕಿವಿಗೆ ಬಿದ್ದದ್ದು ರೇಡಿಯೋ, ಸಿನಿಮಾಗಳಿಂದ. 1952ರಲ್ಲಿ ಆಕಾಶವಾಣಿ ಸಿನಿಮಾ ಹಾಡಿಗೆ ಬಾಗಿಲು ಹಾಕಿಕೊಂಡಾಗ ಊರಿಗೆ ಊರೇ ರೇಡಿಯೋ ಸಿಲೋನ್‌ಗೆ ಕಿವಿಗೊಟ್ಟಿತು. 1957ರ ‘ಆಶಾ’ ಚಿತ್ರದಲ್ಲಿ ರಾಕ್ ಅಂಡ್ ರೋಲ್ ಹಿಂದಿಯಲ್ಲೇ ಕುಣಿಯಿತು. ಅದಕ್ಕೆ ಸಂಗೀತ ಕೊಟ್ಟವರು ಮರಾಠಿ ಮನೆಯ ಸಿ. ರಾಮಚಂದ್ರ. ಇದರಲ್ಲಿ ಬಿಳಿಯರೆಲ್ಲಿ?

ಹೋಳಿಯಲ್ಲಿ ಹಲಗೆ ಬಡಿದು ಬೀದಿಯಲ್ಲಿ ಕುಣಿದರೆ ಸಂಸ್ಕೃತಿ, ಗಿಟಾರ್ ಮೀಟಿ ಸಭಾಂಗಣದಲ್ಲಿ ಕುಣಿದರೆ ವಿಕೃತಿ ಎನ್ನುವ ತಕ್ಕಡಿ ಸರಿಯಿಲ್ಲ. ರಾತ್ರಿ ಕುಣಿದವರು ಬೆಳಿಗ್ಗೆ ಪೂಜೆಗೆ, ಶಾಲೆಗೆ, ರೈಲ್ವೆ ಡ್ಯೂಟಿಗೆ ಹೊತ್ತಿಗೆ ಸರಿಯಾಗಿ ಹೋದರು. ಕೆಟ್ಟದ್ದು ಬೂಟಿನ ಹಿಮ್ಮಡಿ ಮಾತ್ರ.