ಅದು ಕೂರ್ಗ್ ಅಲ್ಲ, ಕೊಡಗು!



ಶುಕ್ರವಾರ ಸಂಜೆ ಆಫೀಸು ಬಿಟ್ಟೊಡನೆ ಬೆಂಗಳೂರಿನ ಹುಡುಗರ ಬಾಯಲ್ಲಿ ಒಂದೇ ಮಾತು: "ಮಗಾ, ಕೂರ್ಗಿಗೆ ಹೋಗೋಣ ಬಾ!" ಹೋಗಿ, ಬೇಡ ಅಂದವರಾರು? ಮಂಜು ನೋಡಿ, ಕಾಫಿ ಕುಡಿಯಿರಿ, ಪಂದಿಕರಿ ತಿನ್ನಿ. ಆದರೆ ಒಂದು ಪ್ರಶ್ನೆಗೆ ಉತ್ತರ ಕೊಟ್ಟು ಬಸ್ಸು ಹತ್ತಿ. ಈ ಕೂರ್ಗ್ ಎಲ್ಲಿದೆ? ಕರ್ನಾಟಕದ ಜಿಲ್ಲೆಗಳ ಪಟ್ಟಿಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಅಲ್ಲಿರುವುದು ಕೊಡಗು!

ನಾಲಗೆ ಹೊರಳದ ಬಿಳಿಯರು ಕೊಡಗನ್ನು ಕೂರ್ಗ್ ಎಂದರು, ಮಡಿಕೇರಿಯನ್ನು ಮರ್ಕಾರ ಮಾಡಿದರು. ಅವರದು ಪರದೇಶದ ನಾಲಗೆ, ಹಾಳಾಗಲಿ ಬಿಡಿ. ನಿಮ್ಮ ನಾಲಗೆಗೇನು ಬಂದಿದೆ ರೋಗ?

ಒಂದು ಹೆಸರಿಗೆ ಇಷ್ಟು ಗಲಾಟೆಯೇ ಎನ್ನಬೇಡಿ. ಕೊಡಗು ಬರೀ ಗುಡ್ಡ, ಜಲಪಾತ ಅಲ್ಲ. ಅದೊಂದು ರಾಜ್ಯವಾಗಿತ್ತು. ಹಾಲೇರಿ ಅರಸರು ಸುಮಾರು ಎರಡು ಶತಮಾನ ಆಳಿದ ನಾಡು ಅದು. ದೊಡ್ಡವೀರರಾಜೇಂದ್ರ ತನ್ನ ವಂಶದ ಚರಿತ್ರೆ 'ರಾಜೇಂದ್ರನಾಮೆ'ಯನ್ನು ಬರೆಸಿದ್ದು ಕನ್ನಡದಲ್ಲಿ. ಲಿಂಗರಾಜೇಂದ್ರ ಹುಕುಂನಾಮೆ ಹೊರಡಿಸಿದ್ದು ಕನ್ನಡದಲ್ಲಿ. ಕೊಡವ ತಕ್ಕ್, ಅರೆಭಾಷೆ ಆಡುವ ಜನರ ನಡುವೆ ಅರಮನೆಯ ಕಾಗದಪತ್ರ ನಡೆದದ್ದು ನಿಮ್ಮ ಭಾಷೆಯಲ್ಲಿ. ಇದು ನಿಮಗೆ ಗೊತ್ತಿತ್ತೇ?

1834ರಲ್ಲಿ ಕಂಪನಿಯ ಸೇನೆ ನುಗ್ಗಿತು. ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿ ಕಾಶಿಗೆ ಸಾಗಿಸಿದರು. ಅವನು ಸಾಧು ದೊರೆಯೆಂದು ನಾವು ವಾದಿಸುವುದಿಲ್ಲ. ಆದರೆ ಕಂಪನಿ ಏನೆಂದು ಡಂಗುರ ಹೊಡೆಯಿತು ಗೊತ್ತೇ? ತನ್ನ ಆಳ್ವಿಕೆ ಬೇಕೆಂಬುದೇ ಕೊಡಗಿನ ಜನರ ಒಕ್ಕೊರಲ ಇಚ್ಛೆಯಂತೆ! 1852ರಲ್ಲಿ ರಾಜನ ಎಳೆಯ ಮಗಳು ಗೌರಮ್ಮನಿಗೆ ಲಂಡನ್ನಿನಲ್ಲಿ ದೀಕ್ಷಾಸ್ನಾನವಾಯಿತು. ವಿಕ್ಟೋರಿಯಾ ರಾಣಿ ತನ್ನ ಹೆಸರನ್ನೇ ಆಕೆಗಿಟ್ಟಳು. ನಾಡು ಕೂರ್ಗ್ ಆಯಿತು, ನಾಡಿನ ಮಗಳು ವಿಕ್ಟೋರಿಯಾ ಆದಳು!

ಒಕ್ಕೊರಲ ಇಚ್ಛೆಯ ಬಣ್ಣ ಮೂರೇ ವರ್ಷದಲ್ಲಿ ಬಯಲಾಯಿತು. ಕೊಡಗಿನ ಕೈಯಲ್ಲಿದ್ದ ಸುಳ್ಯ ಸೀಮೆಯನ್ನು ಕಂಪನಿ ಕೆನರಾ ಜಿಲ್ಲೆಗೆ ಸೇರಿಸಿತ್ತು. ಬೆಳೆಯ ರೂಪದಲ್ಲಿ ಕಟ್ಟುತ್ತಿದ್ದ ಕಂದಾಯವನ್ನು ನಗದಾಗಿ ಕಕ್ಕಿರಿ ಎಂದಿತು. 1837ರಲ್ಲಿ ರೈತರು ಹಾಲೇರಿ ವಂಶದ ಹೆಸರೆತ್ತಿ ಬಂಡೆದ್ದರು, ಮಂಗಳೂರನ್ನೇ ಕೆಲವು ದಿನ ಕೈವಶ ಮಾಡಿಕೊಂಡರು. ಇದು 1857ಕ್ಕಿಂತ 20 ವರ್ಷ ಮೊದಲು! ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಕಂಪನಿಗೆ ನೆರವಾದವರ ಎದೆಗೆ ಪದಕ, ಎದುರು ನಿಂತವರ ಕೊರಳಿಗೆ ಹಗ್ಗ. ಆ ಹೋರಾಟಕ್ಕೆ ಅಂಟಿದ ಹೆಸರು? 'ಕಲ್ಯಾಣಪ್ಪನ ಕಾಟಕಾಯಿ'! ಅಂದರೆ ಲೂಟಿ, ದಾಂಧಲೆ! ಗೆದ್ದವನು ಇಟ್ಟದ್ದೇ ಹೆಸರಾಯಿತು, ಸತ್ತವನು ಕಳ್ಳನಾದ. ನಮ್ಮವರೇ ಆ ಮಾತನ್ನು ತಲೆಮಾರುಗಟ್ಟಲೆ ಆಡಿಕೊಂಡು ನಕ್ಕರು.

ಈಗ ತಿಳಿಯಿತೇ, ಹೆಸರಿನ ಜೊತೆ ಏನೇನು ಹೋಗುತ್ತದೆಂದು?

1956ರ ನವೆಂಬರ್ 1ರಂದು ಕೊಡಗು ನಮ್ಮ ರಾಜ್ಯದೊಳಗೆ ಬಂತು. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಮಂಗಳೂರು ಸೇರಿ 12 ಊರುಗಳ ಹೆಸರು ಇಂಗ್ಲಿಷಿನಲ್ಲೂ ನೆಟ್ಟಗಾಯಿತು. ಸರ್ಕಾರಿ ಕಾಗದದಲ್ಲಿ ಕೊಡಗು ಕೊಡಗೇ ಆಗಿದೆ. ಕೂರ್ಗ್ ಉಳಿದಿರುವುದು ರೆಸಾರ್ಟಿನ ಬೋರ್ಡಿನಲ್ಲಿ, ಜೇನಿನ ಬಾಟಲಿಯ ಮೇಲೆ, ನಿಮ್ಮ ಬಾಯಲ್ಲಿ!

ಬೋರ್ಡಿಗೆ ಮಸಿ ಬಳಿಯಲು ಯಾರೂ ಕರೆಯುತ್ತಿಲ್ಲ. ಮೊದಲು ನಿಮ್ಮ ನಾಲಗೆ ತೊಳೆದುಕೊಳ್ಳಿ. ಗೆಳೆಯ ಕೂರ್ಗ್ ಎಂದರೆ ಅಲ್ಲೇ ತಿದ್ದಿ. ಮಡಿಕೇರಿಗೆ ಹೋದರೆ ರಾಜಾಸೀಟಿನಲ್ಲಿ ಫೋಟೋ ತೆಗೆಸಿಕೊಂಡು ಮರಳಬೇಡಿ. ಅರಸರ ಗದ್ದಿಗೆ ನೋಡಿ, ಅಪ್ಪಯ್ಯಗೌಡರು ನೇಣಿಗೇರಿದ ಕೋಟೆಯಲ್ಲಿ ಎರಡು ನಿಮಿಷ ತಲೆಬಾಗಿ ನಿಲ್ಲಿ. ಅಲ್ಲಿನವರ ಕೊಡವ ತಕ್ಕಿಗೂ ಅರೆಭಾಷೆಗೂ ಗೌರವ ಕೊಡಿ. ನಮ್ಮ ನುಡಿಗೆ ಮರ್ಯಾದೆ ಕೇಳುವವರು ಇನ್ನೊಬ್ಬರ ನುಡಿಯನ್ನು ತುಳಿಯಬಾರದು.

ಕಂಪನಿ ಗಂಟುಮೂಟೆ ಕಟ್ಟಿ ಹೋಗಿ ಎಷ್ಟು ಕಾಲವಾಯಿತು! ಅದು ಬಿಟ್ಟುಹೋದ ಎಂಜಲು ಹೆಸರನ್ನು ಇನ್ನೂ ಚಪ್ಪರಿಸುತ್ತೀರಾ?

ಬಾಯಿ ತುಂಬ ಹೇಳಿ: ಕೊಡಗು!